ಚೀನಾ ದೇಶದ ಏಕಸ್ವಾಮ್ಯನಿಷೇಧದ ಕಾಯಿದೆ: ಅದರ ಹಿನ್ನೆಲೆಯೂ ಈಚಿನ ನಡೆಯೂ

೧

ಒಂದು ದೇಶದ ಕಾಯಿದೆಯನ್ನು ಅರಿಯಬೇಕಾದರೆ ಅದರ ವಿಧಿಗಳನ್ನು ಓದುವುದಕ್ಕೆ ಮೊದಲು ಅದರ ಹೆಸರನ್ನು ವಿಚಾರಿಸುವುದು ಒಳ್ಳೆಯದು. ಚೀನಾ ದೇಶದಲ್ಲಿ ೨೦೦೮ನೆಯ ಇಸವಿ ಆಗಸ್ಟ್ ೧ರಿಂದ ನಡೆಯಲ್ಲಿರುವ ಏಕಸ್ವಾಮ್ಯನಿಷೇಧದ ಕಾಯಿದೆಗೆ ಆ ಭಾಷೆಯಲ್ಲಿ ‘ಫಾನ್ ಲುಂಗ್‌ದ್ವಾನ್ ಫಾ’ ಎಂದು ಹೆಸರು. ‘ಫಾನ್’ ಎಂದರೆ ವಿರೋಧ. ‘ಫಾ’ ಎಂದರೆ ಕಾಯಿದೆ. ನಡುವಣ ‘ಲುಂಗ್‌ದ್ವಾನ್’ ಎಂಬ ಮಾತಿಗೆ ಇಂದು ಏಕಸ್ವಾಮ್ಯವೆಂದು ಅರ್ಥವಾದರೂ ಅದರ ಮೂಲಾರ್ಥವು ಕಡಿದಾದ ಮಣ್ಣಿನ ದಿಣ್ಣೆ ಎಂಬುದಾಗಿದೆ. ದಿಣ್ಣೆಗೂ ಏಕಸ್ವಾಮ್ಯಕ್ಕೂ ಏನು ಸಂಬಂಧವೆಂಬುದಕ್ಕೆ ಉತ್ತರವು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಆಚಾರ್ಯನಾದ ಮೆನ್ಷಿಯಸ್‌ನ ಗ್ರಂಥದಲ್ಲಿ ದೊರೆಯುತ್ತದೆ.

ಚೀ ರಾಜ್ಯದ ಅರಸನ ಓಲಗವನ್ನು ಬಿಟ್ಟು ಹೊರಟ ಈ ಆಚಾರ್ಯನಿಗೆ ಅರಸನು ರಾಜಧಾನಿಯಲ್ಲಿ ಮನೆಯನ್ನೂ ಶಿಷ್ಯರ ಪೋಷಣೆಗೆ ಧಾನ್ಯದ ವರ್ಷಾಶನವನ್ನೂ ಕೊಡಿಸಲು ಮುಂದಾದನು. ಅದನ್ನು ಒಲ್ಲೆನೆನ್ನುವಾಗ ಆತನು ಒಂದು ದೃಷ್ಟಾಂತವನ್ನು ಹೇಳಿದನು. ಹಿಂದಿನ ಕಾಲದ ಸಂತೆಗಳಲ್ಲಿ ಜನರು ತಮ್ಮಲ್ಲಿದ್ದುದನ್ನು ಕೊಟ್ಟು ಇಲ್ಲದುದನ್ನು ಕೊಳ್ಳುತ್ತಿದ್ದರು. ಅಧಿಕಾರಿಗಳು ವ್ಯಾಜ್ಯಗಳನ್ನು ತೀರಿಸುವುದಷ್ಟನ್ನೇ ಮಾಡುತ್ತಿದ್ದರು. ಅಲ್ಲಿಗೆ ಅಲ್ಪಬುದ್ಧಿಯ ಒಬ್ಬನು ಬಂದು, ಕಡಿದಾದ ದಿಣ್ಣೆಯೊಂದನ್ನು ಹುಡುಕಿ ಏರಿ, ಎಡಕ್ಕೂ ಬಲಕ್ಕೂ ಕಣ್ಣಾಡಿಸಿ, ಇಡೀ ಸಂತೆಯ ಲಾಭವನ್ನು ಬಲೆ ಬೀಸಿದಂತೆ ಬಾಚಿಕೊಂಡನು. ಜನರೆಲ್ಲರೂ ಅವನನ್ನು ಹೀನನೆಂದೆಣಿಸಿದರು; ಆದಕಾರಣ ಅವನ ಮೇಲೆ ಸುಂಕ ಬಿದ್ದಿತು. ವರ್ತಕರ ಮೇಲೆ ಸುಂಕವೆಂಬುದು ಮೊದಲಾದುದು ಅವನಿಂದಲೇ ಎಂಬುದು ಮೆನ್ಷಿಯಸ್‌ನ ಮತ.

ಈ ದೃಷ್ಟಾಂತದಲ್ಲಿ ಮೂರು ಸಂಗತಿಗಳು ಗಮನಾರ್ಹವಾಗಿವೆ. ಆ ಮನುಷ್ಯನ ತಪ್ಪು ವ್ಯಾಪಾರಮಾಡಿದುದಲ್ಲ. ಉಳಿದವರಿಗೆ ಇಲ್ಲದ ಎತ್ತರವನ್ನು ಹಿಡಿದುದು. ಎರಡನೆಯದಾಗಿ, ಅದು ತಪ್ಪೆಂದು ಮೊದಲು ಕಂಡವರು ಸಂತೆಯ ಜನರೇ ಹೊರತು ಅಧಿಕಾರಿಗಳಲ್ಲ. ಮೂರನೆಯದಾಗಿ, ಪರಿಹಾರವು ಬಂದುದು ಮಾತ್ರ ಅಧಿಕಾರಿಗಳ ಕೈಯಿಂದ; ಬಂದ ಬಳಿಕ ಅದು ಆ ಒಬ್ಬನಿಗೇ ನಿಲ್ಲದೆ ವರ್ತಕರೆಲ್ಲರ ಮೇಲೆಯೂ ಉಳಿದುಕೊಂಡಿತು. ಅಧಿಕಾರಿಯೇ ದಿಣ್ಣೆಯನ್ನೇರಿದರೆ ಮಾಡತಕ್ಕದ್ದೇನು ಎಂಬ ಪ್ರಶ್ನೆಗೆ ದೃಷ್ಟಾಂತದಲ್ಲಿ ಉತ್ತರವಿಲ್ಲ. ಚೀನಾ ದೇಶದ ಏಕಸ್ವಾಮ್ಯದ ಚರಿತ್ರೆಯು ಬಹುಮಟ್ಟಿಗೆ ಈ ಪ್ರಶ್ನೆಯ ಚರಿತ್ರೆಯೇ ಆಗಿದೆ.

ನೆರೆಯ ದೇಶಗಳು ಈ ಮಾತನ್ನು ಬಳಸದೆ ಹೋದುದೂ ಉಂಟು. ಜಪಾನಿನ ೧೯೪೭ರ ಕಾಯಿದೆಯಲ್ಲಿ ಏಕಸ್ವಾಮ್ಯಕ್ಕೆ ‘ದೊಕುಸೆನ್’, ಅಂದರೆ ಒಬ್ಬನೇ ಹಿಡಿದುಕೊಂಡಿರುವುದು, ಎಂಬ ಪದವಿದೆ. ತೈವಾನಿನ ೧೯೯೧ರ ಕಾಯಿದೆಯೂ ಅವೇ ಅಕ್ಷರಗಳನ್ನು ಬಳಸಿತು. ಅದು ನೀತಿಯ ಸೋಂಕಿಲ್ಲದ ಪಾರಿಭಾಷಿಕ ಪದ. ಚೀನಾ ದೇಶದ ಕಾಯಿದೆಯ ಹೆಸರಿನಲ್ಲಿ ಮಾತ್ರ ಆ ಹಳೆಯ ದಿಣ್ಣೆಯೂ ಅದರ ಮೇಲಣ ಹೀನನೂ ಇಂದಿಗೂ ನಿಂತಿದ್ದಾರೆ.

೨

ಮೆನ್ಷಿಯಸ್‌ನ ಕಾಲದಿಂದ ಎರಡು ಶತಮಾನಗಳು ಕಳೆಯುವುದರೊಳಗಾಗಿ ರಾಜ್ಯವು ತಾನೇ ದಿಣ್ಣೆಯನ್ನೇರಿತು. ಹಾನ್ ವಂಶದ ವೂ ಚಕ್ರವರ್ತಿಯು (ಕ್ರಿ.ಪೂ. ೧೪೧–೮೭) ಉತ್ತರದ ಅಲೆಮಾರಿಗಳೊಡನೆ ನಡೆಸಿದ ಯುದ್ಧಗಳಿಂದ ಬೊಕ್ಕಸವು ಬರಿದಾದಾಗ ಉಪ್ಪು ಮತ್ತು ಕಬ್ಬಿಣಗಳನ್ನು ಸರ್ಕಾರದ ಏಕಸ್ವಾಮ್ಯಕ್ಕೆ ತೆಗೆದುಕೊಂಡನು, ಕ್ರಿ.ಪೂ. ೯೮ರಲ್ಲಿ ಮದ್ಯವೂ ಅವುಗಳೊಡನೆ ಸೇರಿತು. ಈ ವ್ಯವಸ್ಥೆಯನ್ನು ನಡೆಸಿದವರಲ್ಲಿ ಮುಖ್ಯನಾದ ಸಾಂಗ್ ಹುಂಗ್‌ಯಾಂಗ್ ಎಂಬ ಮಂತ್ರಿಯು ಲೋಯಾಂಗ್ ನಗರದ ವರ್ತಕನೊಬ್ಬನ ಮಗನು. ದಿಣ್ಣೆಯ ಮೇಲಿನಿಂದ ಸಂತೆ ಹೇಗೆ ಕಾಣುವುದೆಂಬುದನ್ನು ಮನೆಯಲ್ಲಿಯೇ ಕಲಿತವನು.

ಚಕ್ರವರ್ತಿಯು ತೀರಿಕೊಂಡ ಮೇಲೆ, ಕ್ರಿ.ಪೂ. ೮೧ರಲ್ಲಿ, ನಾಡಿನ ನಾನಾ ಭಾಗಗಳಿಂದ ಅರವತ್ತಕ್ಕೂ ಮಿಕ್ಕ ವಿದ್ವಾಂಸರನ್ನು ರಾಜಧಾನಿಗೆ ಕರೆಸಿ, ಪ್ರಜೆಗಳ ಕಷ್ಟಗಳಾವುವೆಂದು ಕೇಳಲಾಯಿತು. ಅವರು ಮೊದಲು ಹೇಳಿದುದೇ ಈ ಏಕಸ್ವಾಮ್ಯಗಳನ್ನು ತೆಗೆದುಹಾಕಬೇಕೆಂದು. ಅಲ್ಲಿ ನಡೆದ ವಾದವನ್ನು ಮುಂದೆ ಹ್ವಾನ್ ಕ್ವಾನ್ ಎಂಬವನು ಗ್ರಂಥರೂಪಕ್ಕೆ ತಂದನು. ‘ಉಪ್ಪು ಕಬ್ಬಿಣಗಳ ವಾದ’ವೆಂದು ಅದು ಪ್ರಸಿದ್ಧವಾಗಿದೆ. ಅರಸನು ಪ್ರಜೆಗಳೊಡನೆ ಲಾಭಕ್ಕಾಗಿ ಹೋರಬಾರದು. ಸರ್ಕಾರಿ ಕುಲುಮೆಯ ಕಬ್ಬಿಣದ ಸಲಕರಣೆಗಳು ಒರಟು, ಬೆಲೆಯೋ ಹೆಚ್ಚು. ಒಕ್ಕಲಿಗನಿಗೆ ಬೇರೆಡೆ ಕೊಳ್ಳುವ ದಾರಿಯಿಲ್ಲ ಎಂಬುದು ವಿದ್ವಾಂಸರ ಪಕ್ಷ. ಗಡಿಯ ಕಾವಲಿಗೆ ಹಣ ಬೇಕು. ಅಲ್ಲದೆ ಬೆಟ್ಟಗಳ ಅದಿರನ್ನೂ ಕಡಲಿನ ಉಪ್ಪನ್ನೂ ಖಾಸಗಿಯವರಿಗೆ ಬಿಟ್ಟರೆ ಲಾಭವು ಬಡವನಿಗೆ ಬಾರದೆ ಬಲಿಷ್ಠರ ಪಾಲಾಗಿ ಅವರು ರಾಜ್ಯಕ್ಕೇ ಎದುರಾಗುವರು ಎಂಬುದು ಮಂತ್ರಿಯ ಪಕ್ಷ. ಉಪ್ಪಿನಿಂದಲೂ ತಾಮ್ರದಿಂದಲೂ ಕೊಬ್ಬಿದ ವೂ ಪ್ರಾಂತದ ಸಾಮಂತನು ಕ್ರಿ.ಪೂ. ೧೫೪ರಲ್ಲಿ ದಂಗೆಯೆದ್ದುದು ಆತನಿಗೆ ನಿದರ್ಶನವಾಗಿ ಒದಗಿತು.

ವಾದದಲ್ಲಿ ಗ್ರಂಥಕಾರನ ಒಲವು ವಿದ್ವಾಂಸರ ಕಡೆಗಿದೆ. ಕಾರ್ಯದಲ್ಲಿ ಗೆಲವು ಮಂತ್ರಿಯ ಪಕ್ಷಕ್ಕಾಯಿತು. ಮದ್ಯದ ಏಕಸ್ವಾಮ್ಯವು ಹೋಯಿತು. ಉಪ್ಪು ಕಬ್ಬಿಣಗಳದು ಉಳಿಯಿತು. ಸಾಂಗ್ ಹುಂಗ್‌ಯಾಂಗನು ಮರುವರ್ಷವೇ ಒಳಸಂಚಿನ ಆಪಾದನೆಯಿಂದ ಮರಣದಂಡನೆಗೆ ಗುರಿಯಾದರೂ ಆತನ ವ್ಯವಸ್ಥೆಯು ಆತನೊಡನೆ ಸಾಯಲಿಲ್ಲ. ಕ್ರಿ.ಶ. ೭೫೮ರಲ್ಲಿ ತಾಂಗ್ ವಂಶದವರು ಉಪ್ಪಿನ ಏಕಸ್ವಾಮ್ಯವನ್ನು ಮತ್ತೆ ಕಟ್ಟಿದರು. ರೂಪಗಳು ಬದಲಾಗುತ್ತಿದ್ದರೂ ಉಪ್ಪಿನ ಮೇಲೆ ಸರ್ಕಾರದ ಹಿಡಿತವು ವಂಶದಿಂದ ವಂಶಕ್ಕೆ ಸಾಗಿಬಂದಿತು. ಉಪ್ಪಿನ ಬೆಲೆಯನ್ನು ಪೇಟೆಗೆ ಬಿಟ್ಟುಕೊಟ್ಟುದು ೨೦೧೭ನೆಯ ಇಸವಿ ಜನವರಿ ೧ರಂದು. ಹೊಗೆಸೊಪ್ಪಿನ ಏಕಸ್ವಾಮ್ಯವಾದರೋ ೧೯೯೧ರ ಪ್ರತ್ಯೇಕ ಕಾಯಿದೆಯ ಆಸರೆಯಲ್ಲಿ ಇನ್ನೂ ನಿಂತಿದೆ.

೩

ಏಕಸ್ವಾಮ್ಯವೆಂಬ ಮಾತು ದೇಶ್ಯವಾದರೆ ಅದಕ್ಕೆ ಎದುರಾದ ‘ಸ್ಪರ್ಧೆ’ಯೆಂಬ ಮಾತು ಇಂದಿನ ಅರ್ಥವನ್ನು ಪಡೆದುದು ಹೊರಗಿನಿಂದ. ಜಪಾನಿನ ಫುಕುಝಾವ ಯುಕಿಚಿ ಎಂಬ ಪಂಡಿತನು ೧೮೬೮ರ ಕ್ರಾಂತಿಗೆ ಸ್ವಲ್ಪ ಮುಂಚೆ ಆಂಗ್ಲ ಅರ್ಥಶಾಸ್ತ್ರಗ್ರಂಥವೊಂದನ್ನು ಭಾಷಾಂತರಿಸುವಾಗ ಈ ಭಾವಕ್ಕೆ ‘ಕ್ಯೋಸೋ’ ಎಂಬ ಮಾತನ್ನು ಇಟ್ಟನು. ಅದರ ಎರಡನೆಯ ಅಕ್ಷರಕ್ಕೆ ಜಗಳವೆಂಬ ಅರ್ಥವಿರುವುದರಿಂದ, ವಿಷಯಸೂಚಿಯನ್ನು ನೋಡಬಯಸಿದ್ದ ಬೊಕ್ಕಸದ ಅಧಿಕಾರಿಯೊಬ್ಬನು ಇದನ್ನು ಮೇಲಿನವರಿಗೆ ತೋರಿಸುವುದು ಹೇಗೆಂದು ಅಳುಕಿದನೆಂದೂ, ಕೊನೆಗೆ ಆ ಮಾತನ್ನು ಮಸಿಯಿಂದ ಅಳಿಸಿ ಕೊಡಬೇಕಾಯಿತೆಂದೂ ಫುಕುಝಾವನು ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅವೇ ಅಕ್ಷರಗಳು ‘ಜಿಂಗ್‌ಜೆಂಗ್’ ಎಂಬ ಉಚ್ಚಾರದಿಂದ ಚೀನೀ ಭಾಷೆಯಲ್ಲಿ ನೆಲಸಿದುವು. ವಿನಯವನ್ನೂ ಸಾಮರಸ್ಯವನ್ನೂ ಹೊಗಳುವ ಸಂಪ್ರದಾಯದಲ್ಲಿ ಈ ಮಾತಿಗೆ ಗೌರವದ ಸ್ಥಾನವು ಸುಲಭವಾಗಿ ದೊರೆಯಲಿಲ್ಲ.

೧೯೪೯ರ ಕ್ರಾಂತಿಯ ತರುವಾಯ, ೧೯೫೬ರ ಹೊತ್ತಿಗೆ ಖಾಸಗಿ ಕೈಗಾರಿಕೆಗಳೆಲ್ಲವೂ ಬಹುಮಟ್ಟಿಗೆ ಸರ್ಕಾರದ ವಶವಾದುವು. ಯೋಜನೆಯೇ ಪೇಟೆಯ ಸ್ಥಾನವನ್ನು ಹಿಡಿಯಿತು. ೧೯೭೮ರ ಸುಧಾರಣೆಯಿಂದ ಪೇಟೆಯು ಮತ್ತೆ ತೆರೆಯತೊಡಗಿದಾಗ, ೧೯೮೦ರ ಅಕ್ಟೋಬರಿನಲ್ಲಿ ರಾಜ್ಯಪರಿಷತ್ತು ಸಮಾಜವಾದಿ ಸ್ಪರ್ಧೆಯನ್ನು ರಕ್ಷಿಸುವ ತಾತ್ಕಾಲಿಕ ನಿಯಮಗಳನ್ನು ಹೊರಡಿಸಿತು. ಯಾರೂ ಏಕಸ್ವಾಮ್ಯವನ್ನು ನಡೆಸಕೂಡದೆಂದು ಅವು ಹೇಳಿದುವು. ರಾಜ್ಯವು ತಾನೇ ಗೊತ್ತುಮಾಡಿದ ಸಂಸ್ಥೆಗಳಿಗೆ ವಹಿಸಿದ ಸರಕುಗಳನ್ನು ಮಾತ್ರ ಹೊರತುಮಾಡಿದುವು. ದಿಣ್ಣೆಯನ್ನು ಕೆಡಹುವ ಮೊದಲ ಅಪ್ಪಣೆಯಲ್ಲಿಯೇ ಒಂದು ದಿಣ್ಣೆಗೆ ವಿನಾಯಿತಿ ದೊರೆತಿತ್ತು.

ಆ ದಶಕದಲ್ಲಿ ಕಂಡ ತೊಂದರೆಯು ವರ್ತಕರಿಂದ ಬಂದುದಲ್ಲ. ತಮ್ಮ ಕಾರ್ಖಾನೆಗಳಿಗೆ ಕಚ್ಚಾಸರಕು ಸಾಲದೆಹೋಗುವುದೆಂಬ ಭಯದಿಂದ ಪ್ರಾಂತಗಳ ಅಧಿಕಾರಿಗಳು ಉಣ್ಣೆಯೂ ರೇಷ್ಮೆಗೂಡೂ ಎಲ್ಲೆಯನ್ನು ದಾಟದಂತೆ ತಡೆದರು. ಜನರು ಇವನ್ನು ‘ಉಣ್ಣೆಯ ಯುದ್ಧ’, ‘ಗೂಡಿನ ಯುದ್ಧ’ಗಳೆಂದು ಕರೆದರು. ಆದಕಾರಣವೇ ೧೯೯೩ರಲ್ಲಿ ಬಂದ ಅನ್ಯಾಯಸ್ಪರ್ಧೆಯ ನಿಷೇಧದ ಕಾಯಿದೆಯು ಸರ್ಕಾರಿ ಕಚೇರಿಗಳು ತಮ್ಮ ಅಧಿಕಾರದಿಂದ ಪೇಟೆಯನ್ನು ಬಂಧಿಸಕೂಡದೆಂದು ಏಳನೆಯ ವಿಧಿಯಲ್ಲಿ ಹೇಳಬೇಕಾಯಿತು. ಈ ಬಗೆಯ ದೋಷಕ್ಕೆ ಚೀನೀ ಪಂಡಿತರು ‘ಆಡಳಿತದ ಏಕಸ್ವಾಮ್ಯ’ವೆಂಬ ಹೆಸರನ್ನಿಟ್ಟರು.

ಸಮಗ್ರವಾದ ಕಾಯಿದೆಯ ಕರಡಿಗೆ ೧೯೯೪ರಲ್ಲಿ ಕೈಹಾಕಿದುದು, ಅದು ಅಂಗೀಕೃತವಾದುದು ೨೦೦೭ರ ಆಗಸ್ಟ್ ೩೦ರಂದು. ನಡುವೆ, ೨೦೦೧ರಲ್ಲಿ, ದೇಶವು ವಿಶ್ವವ್ಯಾಪಾರಸಂಸ್ಥೆಯನ್ನು ಸೇರಿತು. ಎಂಟು ಅಧ್ಯಾಯಗಳ, ೫೭ ವಿಧಿಗಳ ಈ ಕಾಯಿದೆಯು ವರ್ತಕರ ಒಳ ಒಪ್ಪಂದ, ಪ್ರಾಬಲ್ಯದ ದುರುಪಯೋಗ, ಸ್ಪರ್ಧೆಯನ್ನು ಕುಂದಿಸುವ ವಿಲೀನ ಎಂಬ ಮೂರನ್ನೂ ನಿಷೇಧಿಸುವುದರಲ್ಲಿ ಐರೋಪ್ಯ ಮಾದರಿಯನ್ನು ಹೋಲುತ್ತದೆ. ಅದರ ಸ್ವಂತ ಮುಖಗಳು ಎರಡು. ರಾಷ್ಟ್ರದ ಆರ್ಥಿಕ ಜೀವನಾಡಿಗಳೆನಿಸಿ ಸರ್ಕಾರಿ ಸಂಸ್ಥೆಗಳ ಹಿಡಿತದಲ್ಲಿರುವ ಉದ್ಯಮಗಳ ನ್ಯಾಯವಾದ ವ್ಯವಹಾರವನ್ನು ರಾಜ್ಯವು ರಕ್ಷಿಸುವುದೆಂದು ಏಳನೆಯ ವಿಧಿಯು ಹೇಳಿತು. ಅವು ಗ್ರಾಹಕರಿಗೆ ಕೇಡುಮಾಡಕೂಡದೆಂದೂ ಅಲ್ಲಿಯೇ ಸೇರಿಸಿತು. ಐದನೆಯ ಅಧ್ಯಾಯವು ಆಡಳಿತದ ಏಕಸ್ವಾಮ್ಯವನ್ನೇ ಹೆಸರಿಸಿ ನಿಷೇಧಿಸಿತು. ಆದರೆ ತಪ್ಪಿತಸ್ಥ ಕಚೇರಿಯನ್ನು ತಿದ್ದುವ ಅಧಿಕಾರವನ್ನು ಅದರ ಮೇಲಣ ಕಚೇರಿಗೇ ಬಿಟ್ಟಿತು. ಏಕಸ್ವಾಮ್ಯವನ್ನು ವಿಚಾರಿಸುವ ಅಧಿಕಾರಿಗೆ ಉಳಿದುದು ಸಲಹೆಕೊಡುವ ಹಕ್ಕು ಮಾತ್ರ. ವರ್ತಕನಿಗೆ ಹಿಂದಿನ ವರ್ಷದ ಮಾರಾಟದಲ್ಲಿ ನೂರಕ್ಕೆ ಹತ್ತರವರೆಗೆ ದಂಡ, ಕಚೇರಿಗೆ ಸಲಹೆ: ಈ ಅಂತರದಲ್ಲಿ ಮೆನ್ಷಿಯಸ್‌ನ ದೃಷ್ಟಾಂತವು ಉತ್ತರಿಸದೆ ಬಿಟ್ಟ ಪ್ರಶ್ನೆಯೇ ಮರಳಿ ಕಾಣುತ್ತದೆ.

೪

ಮೊದಲ ಹತ್ತು ವರ್ಷ ಕಾಯಿದೆಯ ಪಾಲನೆಯು ಮೂರು ಇಲಾಖೆಗಳಲ್ಲಿ ಹಂಚಿಹೋಗಿದ್ದಿತು. ವಿಲೀನಗಳು ವಾಣಿಜ್ಯ ಸಚಿವಾಲಯಕ್ಕೆ, ಬೆಲೆಯ ವಿಷಯಗಳು ರಾಷ್ಟ್ರೀಯ ಅಭಿವೃದ್ಧಿ ಮತ್ತು ಸುಧಾರಣಾ ಆಯೋಗಕ್ಕೆ, ಮಿಕ್ಕವು ಕೈಗಾರಿಕೆ ವಾಣಿಜ್ಯಗಳ ಆಡಳಿತ ಇಲಾಖೆಗೆ ಸೇರಿದ್ದುವು. ೨೦೦೯ರ ಮಾರ್ಚಿಯಲ್ಲಿ, ಹ್ವೇಯುವಾನ್ ಎಂಬ ಹಣ್ಣಿನ ರಸದ ಸಂಸ್ಥೆಯನ್ನು ಸುಮಾರು ೨೪೦ ಕೋಟಿ ಡಾಲರುಗಳಿಗೆ ಕೊಳ್ಳಲಿದ್ದ ಅಮೆರಿಕದ ಕೋಕಾಕೋಲಾ ಸಂಸ್ಥೆಗೆ ಅನುಮತಿಯನ್ನು ನಿರಾಕರಿಸಲಾಯಿತು. ಈ ಕಾಯಿದೆಯ ಪ್ರಕಾರ ತಡೆಯಲ್ಪಟ್ಟ ಮೊದಲ ವಿಲೀನವು ಇದೇ. ೨೦೧೫ರ ಫೆಬ್ರವರಿಯಲ್ಲಿ ಅಮೆರಿಕದ ಕ್ವಾಲ್‌ಕಾಮ್ ಸಂಸ್ಥೆಯು ತನ್ನ ಪೇಟೆಂಟುಗಳ ಗುತ್ತಿಗೆಯಲ್ಲಿ ಪ್ರಾಬಲ್ಯವನ್ನು ದುರುಪಯೋಗಮಾಡಿತೆಂದು ೬೦೮.೮ ಕೋಟಿ ಯುವಾನ್ ದಂಡವನ್ನು ತೆತ್ತಿತು.

ಸರ್ಕಾರಿ ಸಂಸ್ಥೆಗಳ ವಿಷಯದಲ್ಲಿ ನಡೆಯು ಒಂದೇ ಬಗೆಯಾಗಿರಲಿಲ್ಲ. ೨೦೧೧ರಲ್ಲಿ ಎರಡು ದೊಡ್ಡ ದೂರಸಂಪರ್ಕ ಸಂಸ್ಥೆಗಳ ಮೇಲೆ ವಿಚಾರಣೆ ಮೊದಲಾದುದನ್ನು ಆಯೋಗವು ಬಹಿರಂಗವಾಗಿ ಸಾರಿತು; ನಡತೆಯನ್ನು ತಿದ್ದಿಕೊಳ್ಳುವೆವೆಂದು ಅವು ಮಾತುಕೊಟ್ಟುವು; ದಂಡವು ಬೀಳಲಿಲ್ಲ. ೨೦೧೩ರಲ್ಲಿ ಮಾವೋತಾಯ್ ಮತ್ತು ವುಲಿಯಾಂಗ್‌ಯೆ ಎಂಬ, ಸ್ಥಳೀಯ ಸರ್ಕಾರಗಳ ಒಡೆತನದ ಹೆಸರಾಂತ ಮದ್ಯಸಂಸ್ಥೆಗಳಿಗೆ, ಮಾರಾಟಗಾರರು ಇಂತಿಷ್ಟಕ್ಕಿಂತ ಕಡಮೆಗೆ ಮಾರಕೂಡದೆಂದು ಕಟ್ಟುಮಾಡಿದುದಕ್ಕಾಗಿ ಕ್ರಮವಾಗಿ ೨೪.೭ ಕೋಟಿ, ೨೦.೨ ಕೋಟಿ ಯುವಾನ್ ದಂಡ ಬಿದ್ದಿತು. ೨೦೧೫ರಲ್ಲಿ ರೈಲುಗಾಡಿಗಳನ್ನು ತಯಾರಿಸುವ ಎರಡೇ ದೊಡ್ಡ ಸರ್ಕಾರಿ ಸಂಸ್ಥೆಗಳು ಸೇರಿ ಒಂದಾದಾಗ ಯಾವ ತಡೆಯೂ ಬರಲಿಲ್ಲ. ಒಟ್ಟಿನಲ್ಲಿ, ಸಣ್ಣ ದಿಣ್ಣೆಗಳಿಗೆ ದಂಡ, ದೊಡ್ಡವಕ್ಕೆ ಉಪದೇಶ ಎಂಬಂತೆ ಕಾಣುತ್ತಿದ್ದಿತು.

೨೦೧೮ರಲ್ಲಿ ಮೂರು ಇಲಾಖೆಗಳ ಈ ಕೆಲಸವು ಮಾರುಕಟ್ಟೆ ನಿಯಂತ್ರಣದ ರಾಷ್ಟ್ರೀಯ ಆಡಳಿತ ಎಂಬ ಒಂದೇ ಸಂಸ್ಥೆಗೆ ಸೇರಿತು; ೨೦೨೧ರ ನವೆಂಬರಿನಲ್ಲಿ ಅದರೊಳಗೆ ರಾಷ್ಟ್ರೀಯ ಏಕಸ್ವಾಮ್ಯನಿಷೇಧ ಕಾರ್ಯಾಲಯವು ಏರ್ಪಟ್ಟಿತು. ಈ ಎರಡರ ನಡುವಣ ಕಾಲವೇ ಕಾಯಿದೆಯ ಅತ್ಯಂತ ತೀವ್ರವಾದ ಘಟ್ಟ. ಅದುವರೆಗೆ ಅಂತರ್ಜಾಲದ ವ್ಯಾಪಾರಸಂಸ್ಥೆಗಳು ಬಹುಮಟ್ಟಿಗೆ ಅಡೆತಡೆಯಿಲ್ಲದೆ ಬೆಳೆದಿದ್ದುವು. ೨೦೧೦ರಲ್ಲಿ ಟೆನ್ಸೆಂಟ್ ಸಂಸ್ಥೆಯು ತನ್ನ ಬಳಕೆದಾರರು ತನ್ನನ್ನಾಗಲಿ ಪ್ರತಿಸ್ಪರ್ಧಿಯನ್ನಾಗಲಿ ಆರಿಸಿಕೊಳ್ಳಬೇಕೆಂದು ಬಲವಂತಪಡಿಸಿದಾಗ ಎದ್ದ ವ್ಯಾಜ್ಯದಲ್ಲಿ, ಅದರ ಪ್ರಾಬಲ್ಯವು ಸಿದ್ಧಪಟ್ಟಿಲ್ಲವೆಂದು ಅತ್ಯುನ್ನತ ಜನನ್ಯಾಯಾಲಯವು ೨೦೧೪ರಲ್ಲಿ ತೀರ್ಪುಕೊಟ್ಟಿತ್ತು. ೨೦೨೦ರ ನವೆಂಬರಿನಲ್ಲಿ ಗಾಳಿ ತಿರುಗಿತು. ಅಲಿಬಾಬಾ ಬಳಗದ ಆಂಟ್ ಎಂಬ ಹಣಕಾಸಿನ ಸಂಸ್ಥೆಯ ಷೇರುಗಳ ಬಿಡುಗಡೆಯನ್ನು ಕೊನೆಯ ಗಳಿಗೆಯಲ್ಲಿ ತಡೆಯಲಾಯಿತು. ಡಿಸೆಂಬರಿನಲ್ಲಿ ಬಂಡವಾಳದ ಅವ್ಯವಸ್ಥಿತ ವಿಸ್ತರಣವನ್ನು ತಡೆಯಬೇಕೆಂದು ಪಕ್ಷದ ವಾರ್ಷಿಕ ಆರ್ಥಿಕ ಸಮ್ಮೇಳನವು ಸಾರಿತು. ೨೦೨೧ರ ಏಪ್ರಿಲ್ ೧೦ರಂದು ಅಲಿಬಾಬಾ ಸಂಸ್ಥೆಗೆ ೧,೮೨೨.೮ ಕೋಟಿ ಯುವಾನ್ ದಂಡ ಬಿದ್ದಿತು. ಅದು ೨೦೧೯ರಲ್ಲಿ ದೇಶದೊಳಗಣ ಅದರ ಮಾರಾಟದ ನೂರಕ್ಕೆ ನಾಲ್ಕು ಭಾಗ. ತನ್ನ ಪೇಟೆಯಲ್ಲಿ ಅಂಗಡಿಯಿಟ್ಟವರು ಬೇರೆ ಪೇಟೆಯಲ್ಲಿ ಇಡಕೂಡದೆಂಬ, ‘ಎರಡರಲ್ಲಿ ಒಂದು’ ಎಂದು ಹೆಸರಾದ ಕಟ್ಟಳೆಯೇ ಅದರ ಅಪರಾಧ. ಅಕ್ಟೋಬರಿನಲ್ಲಿ ಅದೇ ಬಗೆಯ ತಪ್ಪಿಗೆ ಮೆಯ್‌ತ್ವಾನ್ ಎಂಬ ಊಟ ತಲಪಿಸುವ ಸಂಸ್ಥೆಯು ೩೪೪.೨ ಕೋಟಿ ಯುವಾನ್ ತೆರಬೇಕಾಯಿತು.

ಸಣ್ಣ ಅಂಗಡಿಯವನಿಗೆ ಇದರಿಂದ ಉಪಕಾರವಾದುದು ನಿಜ. ಆದರೆ ಕಾಯಿದೆಯ ಅಕ್ಷರಗಳು ೨೦೦೮ರಿಂದ ಅವೇ ಆಗಿದ್ದು, ಬದಲಾದುದು ಮೇಲಿನವರ ಸಂಕಲ್ಪವೆಂಬುದೂ ಅಷ್ಟೇ ನಿಜ. ಅಪ್ಪಣೆಯಿಂದ ಬಂದ ರಕ್ಷಣೆಯು ಅಪ್ಪಣೆಯಿಂದಲೇ ಹಿಂದಕ್ಕೂ ಹೋಗಬಲ್ಲುದು.

೫

೨೦೨೨ರ ಜೂನ್ ೨೪ರಂದು ಕಾಯಿದೆಗೆ ಮೊದಲ ತಿದ್ದುಪಡಿಯಾಗಿ ಆಗಸ್ಟ್ ೧ರಿಂದ ನಡೆಗೆ ಬಂದಿತು. ವಿಲೀನವನ್ನು ತಿಳಿಸದೆ ನಡೆಸಿದವರಿಗೆ ಅದುವರೆಗೆ ಇದ್ದ ೫ ಲಕ್ಷ ಯುವಾನ್‌ನ ಮಿತಿಯು ೫೦ ಲಕ್ಷಕ್ಕೇರಿತು. ಅದರಿಂದ ಸ್ಪರ್ಧೆಗೆ ಕೇಡಾಗಿದ್ದರೆ ಮಾರಾಟದ ನೂರಕ್ಕೆ ಹತ್ತರವರೆಗೂ ದಂಡ ವಿಧಿಸಬಹುದಾಯಿತು. ದತ್ತಾಂಶ, ಗಣನವಿಧಾನ, ವೇದಿಕೆಯ ನಿಯಮ ಇವುಗಳನ್ನು ಸಾಧನಮಾಡಿಕೊಂಡು ಏಕಸ್ವಾಮ್ಯವನ್ನು ನಡೆಸಕೂಡದೆಂಬ ವಿಧಿಯು ಹೊಸದಾಗಿ ಸೇರಿತು. ಇವೆಲ್ಲಕ್ಕಿಂತಲೂ ಈ ಲೇಖನದ ಪ್ರಶ್ನೆಗೆ ಹತ್ತಿರವಾದವು ಬೇರೆ ಎರಡು. ಕಚೇರಿಗಳು ಯಾವ ನಿಯಮವನ್ನು ಹೊರಡಿಸುವ ಮುನ್ನವೂ ಅದು ಸ್ಪರ್ಧೆಗೆ ಕೇಡೇ ಎಂದು ಪರೀಕ್ಷಿಸಬೇಕೆಂದು ೨೦೧೬ರಿಂದ ಇದ್ದ ಏರ್ಪಾಡು ಕಾಯಿದೆಯೊಳಕ್ಕೆ ಬಂದಿತು. ಆಡಳಿತದ ಏಕಸ್ವಾಮ್ಯವನ್ನು ವಿಚಾರಿಸುವ, ತಪ್ಪಿತಸ್ಥ ಕಚೇರಿಯ ಮುಖ್ಯಸ್ಥರನ್ನು ಕರೆಸಿ ಕೇಳುವ ಅಧಿಕಾರವೂ ದೊರೆಯಿತು. ಆ ಪರೀಕ್ಷೆಯ ವಿವರವಾದ ನಿಯಮಾವಳಿಯು ೨೦೨೪ರ ಆಗಸ್ಟ್ ೧ರಿಂದ ನಡೆಗೆ ಬಂದಿದೆ. ದಂಡವು ಈಗಲೂ ಇಲ್ಲ. ಆದರೆ ಬರಿಯ ಸಲಹೆಯಿಂದ ಒಂದು ಹೆಜ್ಜೆ ಮುಂದೆ ಬಂದಂತಾಗಿದೆ.

ಅದೇ ವರ್ಷದ ಒಂದು ಪ್ರಕರಣವು ವಿದ್ವಾಂಸರಿಗೆ ವಿಶೇಷವಾಗಿ ಸಂಬಂಧಿಸಿದುದು. ತ್ಸಿಂಗ್ಹುವಾ ವಿಶ್ವವಿದ್ಯಾಲಯದಲ್ಲಿ ೧೯೯೯ರಲ್ಲಿ ಹುಟ್ಟಿದ ‘ಝಿವಾಂಗ್’ ಎಂಬ ಪ್ರಬಂಧಭಂಡಾರವು ಚೀನೀ ಭಾಷೆಯ ಸಂಶೋಧನಲೇಖನಗಳಿಗೆ ಬಹುಮಟ್ಟಿಗೆ ಏಕೈಕ ದ್ವಾರವಾಗಿ ಬೆಳೆದಿತ್ತು. ಆ ಹೆಸರಿಗೆ ಜ್ಞಾನದ ಬಲೆಯೆಂದು ಅರ್ಥ; ಮೆನ್ಷಿಯಸ್‌ನ ದೃಷ್ಟಾಂತದಲ್ಲಿ ಹೀನನು ಸಂತೆಯ ಲಾಭವನ್ನು ಬಾಚಿದ ಬಲೆಗೂ ಮೂಲತಃ ಇದೇ ಅಕ್ಷರ. ತಾನು ಬರೆದ ನೂರಕ್ಕೂ ಮಿಕ್ಕ ಲೇಖನಗಳನ್ನು ತನ್ನ ಒಪ್ಪಿಗೆಯಿಲ್ಲದೆ ಸೇರಿಸಿಕೊಂಡಿತೆಂದು ನಿವೃತ್ತ ಪ್ರಾಧ್ಯಾಪಕರೊಬ್ಬರು ಹೂಡಿದ ವ್ಯಾಜ್ಯಗಳಲ್ಲಿ ಅದು ಸೋತು ಏಳು ಲಕ್ಷಕ್ಕೂ ಹೆಚ್ಚು ಯುವಾನ್ ಪರಿಹಾರವನ್ನು ಕೊಡಬೇಕಾದ ಸುದ್ದಿ ೨೦೨೧ರ ಕೊನೆಯಲ್ಲಿ ಹರಡಿತು. ೨೦೨೨ರ ಏಪ್ರಿಲಿನಲ್ಲಿ ಚೀನೀ ವಿಜ್ಞಾನ ಅಕಾಡೆಮಿಯು ಚಂದಾಹಣದ ಹೊರೆಯನ್ನು ತಾಳಲಾರದೆ ಅದರ ಬಳಕೆಯನ್ನು ನಿಲ್ಲಿಸಿತು. ಮೇ ತಿಂಗಳಲ್ಲಿ ವಿಚಾರಣೆ ಮೊದಲಾಯಿತು; ಡಿಸೆಂಬರ್ ೨೬ರಂದು ೮.೭೬ ಕೋಟಿ ಯುವಾನ್ ದಂಡ ವಿಧಿಸಲಾಯಿತು. ೨೦೧೪ರಿಂದ ಮಿತಿಮೀರಿದ ಬೆಲೆಯನ್ನು ಕೇಳಿದುದು, ಪತ್ರಿಕೆಗಳೂ ವಿಶ್ವವಿದ್ಯಾಲಯಗಳೂ ತಮ್ಮ ಲೇಖನಗಳನ್ನು ಬೇರೆಯವರಿಗೆ ಕೊಡದಂತೆ ಕಟ್ಟುಮಾಡಿದುದು ಎಂಬ ಎರಡು ಅಪರಾಧಗಳು ಸಿದ್ಧಪಟ್ಟುವು.

ಈ ಪ್ರಕರಣದ ಮಹತ್ತ್ವವು ದಂಡದ ಮೊತ್ತದಲ್ಲಿಲ್ಲ. ತಪ್ಪಿತಸ್ಥನು ಇಲ್ಲಿ ಖಾಸಗಿ ವರ್ತಕನಲ್ಲ. ಭಂಡಾರದ ಒಡೆಯ ಸಂಸ್ಥೆಯು ಸರ್ಕಾರದ ಹಿಡಿತದಲ್ಲಿರುವುದೇ. ಮಾರಿದ ಸರಕೂ ಉಪ್ಪಲ್ಲ, ಕಬ್ಬಿಣವಲ್ಲ. ಲೇಖಕರು ಬಹುಮಟ್ಟಿಗೆ ಪ್ರತಿಫಲವಿಲ್ಲದೆ ಕೊಟ್ಟ ವಿದ್ಯೆ. ತಪ್ಪನ್ನು ಮೊದಲು ಕಂಡವರೂ ಅಧಿಕಾರಿಗಳಲ್ಲ, ಓದುವವರೂ ಬರೆಯುವವರೂ. ಸಂತೆಯ ಜನರು ಮೊದಲು ಹೀನವೆಂದು ಎಣಿಸಿದರು, ಬಳಿಕ ಅಧಿಕಾರಿಯು ಬಂದನು ಎಂಬ ಹಳೆಯ ಕ್ರಮವು ಇಲ್ಲಿ ಸರಿಯಾಗಿ ನಡೆದಿದೆ.

೬

ಇತ್ತೀಚಿನ ವರ್ಷಗಳಲ್ಲಿ ಕಾಯಿದೆಗೆ ಇನ್ನೊಂದು ಉಪಯೋಗವು ಕಂಡುಬಂದಿದೆ. ೨೦೧೮ರ ಜುಲೈಯಲ್ಲಿ, ಅಮೆರಿಕದೊಡನೆ ಸುಂಕದ ಕಲಹವು ಏರಿದ್ದಾಗ, ಕ್ವಾಲ್‌ಕಾಮ್ ಸಂಸ್ಥೆಯು ಡಚ್ ದೇಶದ ಸಂಸ್ಥೆಯೊಂದನ್ನು ಸುಮಾರು ೪,೪೦೦ ಕೋಟಿ ಡಾಲರುಗಳಿಗೆ ಕೊಳ್ಳುವ ಉದ್ದೇಶವನ್ನು ಚೀನಾದ ಅನುಮತಿ ಬಾರದ್ದರಿಂದ ಕೈಬಿಟ್ಟಿತು. ೨೦೨೪ರ ಡಿಸೆಂಬರಿನಲ್ಲಿ ಎನ್ವಿಡಿಯಾ ಸಂಸ್ಥೆಯ ಮೇಲೆ ವಿಚಾರಣೆ ಆರಂಭವಾಯಿತು. ಅದು ೨೦೨೦ರ ವಿಲೀನದ ಷರತ್ತುಗಳನ್ನು ಮೀರಿತೆಂದು ೨೦೨೫ರ ಸೆಪ್ಟೆಂಬರಿನಲ್ಲಿ ಪ್ರಾಥಮಿಕ ನಿರ್ಣಯವು ಹೊರಬಿದ್ದಿತು. ಅಮೆರಿಕದ ಹೊಸ ಸುಂಕವು ನಡೆಗೆ ಬಂದ ೨೦೨೫ರ ಫೆಬ್ರವರಿ ೪ರಂದೇ ಗೂಗಲ್ ಸಂಸ್ಥೆಯ ವಿಚಾರಣೆಯನ್ನು ಸಾರಿದುದು ಕಾಕತಾಳೀಯವೆಂದು ನಂಬುವುದು ಕಷ್ಟ. ಗಡಿಯ ಕಾವಲಿಗೆ ಉಪ್ಪು ಕಬ್ಬಿಣಗಳು ಬೇಕೆಂದ ಸಾಂಗ್ ಹುಂಗ್‌ಯಾಂಗನ ವಾದವೇ ಇಲ್ಲಿ ಬೇರೊಂದು ವೇಷದಲ್ಲಿ ನಿಂತಿದೆ: ಅಂದು ಏಕಸ್ವಾಮ್ಯವು ರಾಜ್ಯದ ಆಯುಧ, ಇಂದು ಏಕಸ್ವಾಮ್ಯದ ನಿಷೇಧವು.

ಸ್ಪರ್ಧೆಯೆಂದರೆ ಜಗಳವೆಂಬ ಹಳೆಯ ಅಳುಕೂ ಪೂರ್ತಿಯಾಗಿ ಅಳಿದಿಲ್ಲ. ಎಲ್ಲರೂ ಬೆಲೆಯನ್ನಿಳಿಸುತ್ತ ಯಾರೂ ಬಾಳದಂತಾಗುವ ಪೈಪೋಟಿಗೆ ಚೀನೀ ಜನರು ‘ನೇಯ್‌ಜ್ವಾನ್’, ಒಳಸುರುಳಿ, ಎಂದು ಹೆಸರಿಟ್ಟಿದ್ದಾರೆ. ೨೦೨೫ರ ಅಕ್ಟೋಬರ್ ೧೫ರಿಂದ ನಡೆಗೆ ಬಂದ ಅನ್ಯಾಯಸ್ಪರ್ಧೆಯ ಕಾಯಿದೆಯ ಹೊಸ ರೂಪವು, ವೇದಿಕೆಗಳು ತಮ್ಮಲ್ಲಿ ಮಾರುವವರನ್ನು ಅಸಲಿಗಿಂತ ಕಡಮೆಗೆ ಮಾರುವಂತೆ ಬಲವಂತಪಡಿಸಕೂಡದೆಂದೂ, ದೊಡ್ಡ ಸಂಸ್ಥೆಗಳು ಸಣ್ಣವರಿಗೆ ಸಲ್ಲಬೇಕಾದ ಹಣವನ್ನು ಅನ್ಯಾಯವಾದ ಕರಾರುಗಳಿಂದ ತಡೆಹಿಡಿಯಕೂಡದೆಂದೂ ವಿಧಿಸಿದೆ.

ಕ್ರಿ.ಪೂ. ೮೧ರ ಸಭೆಯಲ್ಲಿ ಎರಡು ಪಕ್ಷಗಳಿಗೂ ಒಂದೊಂದು ಸತ್ಯ ಗೊತ್ತಿತ್ತು. ಖಾಸಗಿಯವನಿಗೆ ಬಿಟ್ಟ ದಿಣ್ಣೆಯು ದಬ್ಬಾಳಿಕೆಗೆ ದಾರಿಯಾಗುವುದೆಂಬುದು ಮಂತ್ರಿಗೆ ಗೊತ್ತಿದ್ದ ಸತ್ಯ. ರಾಜ್ಯವು ಹಿಡಿದ ದಿಣ್ಣೆಯಿಂದಲೂ ಒಕ್ಕಲಿಗನಿಗೆ ದೊರೆಯುವುದು ಒರಟು ಕುಡುಗೋಲೇ ಎಂಬುದು ವಿದ್ವಾಂಸರಿಗೆ ಗೊತ್ತಿದ್ದ ಸತ್ಯ. ಈಗಿನ ಕಾಯಿದೆಯು ಮೊದಲನೆಯದನ್ನು ದಂಡದ ಬಲದಿಂದ ಸಾಧಿಸಿದೆ. ಎರಡನೆಯದನ್ನು ಇನ್ನೂ ಪರೀಕ್ಷೆ, ವಿಚಾರಣೆ, ಸಲಹೆಗಳ ಮಟ್ಟದಲ್ಲಿ ಒಪ್ಪಿಕೊಂಡಿದೆ. ಅದರ ಸಾಮರ್ಥ್ಯವನ್ನು ಅಲಿಬಾಬಾ ತೆತ್ತ ದಂಡದಿಂದ ಅಳೆಯುವುದು ಸುಲಭ. ಪ್ರಾಂತದ ಒಂದು ಕಚೇರಿಯು ನೆರೆಯ ಪ್ರಾಂತದ ಉಣ್ಣೆಗೋ ಔಷಧಕ್ಕೋ ಅಡ್ಡಗಟ್ಟಿದಾಗ ಆ ಗಟ್ಟು ಎಷ್ಟು ದಿನದಲ್ಲಿ ಏಳುವುದೆಂಬುದರಿಂದ ಅಳೆಯುವುದೇ ಸರಿಯಾದ ಅಳತೆ.